ರೋಮನ್ ಬೆಳ್ಳಿಯ ಬಿಳುಪು ಬಂದದ್ದೆಲ್ಲಿಂದ?

ಕ್ರಿ.ಶ. ಮೂರನೆಯ ಶತಮಾನದ ರೋಮನ್ ಬೆಳ್ಳಿ ನಾಣ್ಯಗಳನ್ನು ‘ತಾಮ್ರಕ್ಕೆ ಬೆಳ್ಳಿಯ ಗಿಲೀಟು ಕೊಟ್ಟದ್ದು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಬಹಳ. ಆ ಶತಮಾನದ ಕೊನೆಯ ದಶಕಗಳ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಆದರೆ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ದಿನಾರಿಯಸ್ ಎಂಬ ನಾಣ್ಯಕ್ಕಾಗಲಿ, ಅವನ ಮಗ ಕರಾಕಲ್ಲಾ 215ರಲ್ಲಿ ಹೊರತಂದ, ಸೂರ್ಯಕಿರಣದ ಕಿರೀಟ ತೊಟ್ಟ ಮುಖವಿರುವ ಆಂಟೋನಿನಿಯಾನಸ್ ಎಂಬ ನಾಣ್ಯಕ್ಕಾಗಲಿ ಅದು ಸಲ್ಲದು. ಅವುಗಳಲ್ಲಿ ಬೆಳ್ಳಿ ಸುಮಾರು ಅರ್ಧದಷ್ಟಿತ್ತು. ಮೇಲಿನ ಬಿಳುಪನ್ನು ಲೋಹದ ಒಡಲಿನಿಂದಲೇ ಹೊರಡಿಸಲಾಗಿತ್ತು.

ಈ ಕೌಶಲ ನಿಜಕ್ಕೂ ಬೆರಗು ಹುಟ್ಟಿಸುವಂಥದು. ಕರಗಿದಾಗ ಒಂದಾಗಿ ಬೆರೆಯುವ ಬೆಳ್ಳಿ ಮತ್ತು ತಾಮ್ರ, ಆರುವಾಗ ಬೇರೆಬೇರೆ ಹರಳುಗಳಾಗಿ ಒಂದರ ಪಕ್ಕ ಒಂದು ಗಟ್ಟಿಯಾಗುತ್ತವೆ. ಇಂಥ ಲೋಹದ, ಇನ್ನೂ ಅಚ್ಚೊತ್ತದ ಬಿಲ್ಲೆಯನ್ನು ಗಾಳಿಯಾಡುವ ಕುಲುಮೆಯಲ್ಲಿ ಕಾಯಿಸಿದರೆ ಮೇಲ್ಮೈಯ ತಾಮ್ರ ಆಮ್ಲಜನಕದೊಡನೆ ಸೇರಿ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬಳಿಕ ಅದನ್ನು ಹುಳಿದ್ರಾವಣದಲ್ಲಿ ಅದ್ದಿದಾಗ, ಹುಣಸೆಹುಳಿಗೆ ತಾಮ್ರದ ಚೊಂಬಿನ ಕರೆ ಬಿಡುವಂತೆ ಆ ಕಪ್ಪು ಕರಗಿಹೋಗಿ, ತಾಮ್ರವಿದ್ದ ಎಡೆಗಳೆಲ್ಲ ಟೊಳ್ಳಾಗಿ, ಸೂಕ್ಷ್ಮ ರಂಧ್ರಗಳಿರುವ ಬೆಳ್ಳಿಯ ತೆಳುಪದರವೊಂದು ನಿಲ್ಲುತ್ತದೆ. ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದಾಗ ರಂಧ್ರಗಳು ಮುಚ್ಚಿ ಪದರ ನುಣುಪಾಗುತ್ತದೆ. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಚಕ್ರವರ್ತಿಯ ಕೆನ್ನೆ, ಗಡ್ಡದಂಥ ಉಬ್ಬುಗಳಲ್ಲೇ ಮೊದಲು ಆ ಬಿಳುಪು ಸವೆದು ಒಳಗಿನ ಮಾಸಲು ಬಣ್ಣ ಕಾಣಿಸಿಕೊಳ್ಳುತ್ತದೆ.

ಒಡಲಿನಲ್ಲಿ ಸಾಕಷ್ಟು ಬೆಳ್ಳಿ ಇರುವ ತನಕ ಮಾತ್ರ ಈ ಉಪಾಯ ನಡೆಯುತ್ತದೆ. 260ರಲ್ಲಿ ಚಕ್ರವರ್ತಿ ವಲೇರಿಯನ್ ಪರ್ಷಿಯದ ದೊರೆ ಶಾಪುರನಿಗೆ ಸೆರೆಸಿಕ್ಕ ಮೇಲೆ ಅವನ ಮಗ ಗಾಲಿಯೆನಸ್ ಯುದ್ಧದ ಮೇಲೆ ಯುದ್ಧ ಎದುರಿಸಬೇಕಾಯಿತು; ಸೈನಿಕರ ಸಂಬಳಕ್ಕಾಗಿ ನಾಣ್ಯದ ಬೆಳ್ಳಿಯನ್ನು ಇಳಿಸುತ್ತ ಹೋಗಿ, 268ರ ವೇಳೆಗೆ ಅದು ಶೇ. 5ಕ್ಕಿಂತ ಕೆಳಗೆ ಬಂದಿತ್ತು. 274ರಲ್ಲಿ ಚಕ್ರವರ್ತಿ ಔರೇಲಿಯನ್ ಟಂಕಿಸಿದ ಹೊಸ ನಾಣ್ಯದಲ್ಲಿ ಕಾಣುವ ‘ಇಪ್ಪತ್ತೊಂದು’ ಎಂಬ ರೋಮನ್ ಅಂಕಿಯನ್ನು, ಇಪ್ಪತ್ತು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಎಂಬ ಘೋಷಣೆಯೆಂದೇ ಸಾಮಾನ್ಯವಾಗಿ ಅರ್ಥೈಸುತ್ತಾರೆ. ಗಿಲೀಟಿನ ಮಾತು ಹೊಂದುವುದು ಇಂಥ ನಾಣ್ಯಗಳಿಗೆ.

ಟಂಕಸಾಲೆಯವರ ಈ ಕೈಚಳಕ ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳನ್ನೂ ದಾರಿತಪ್ಪಿಸಿತು. ಎಕ್ಸ್-ಕಿರಣ ಹಾಯಿಸಿ ಬೆಳ್ಳಿಯನ್ನು ಅಳೆಯುವ ವಿಧಾನ ತಲುಪುವುದು ಮೇಲ್ಪದರವನ್ನು ಮಾತ್ರ. ಹೊರಮೈಯನ್ನು ತುಸು ಉಜ್ಜಿ ಅಳೆದಾಗಲೂ ಬೆಳ್ಳಿ ಇರುವುದಕ್ಕಿಂತ ಹೆಚ್ಚೆಂದೇ ತೋರುತ್ತಿತ್ತು. ನಾಣ್ಯದ ಅಂಚಿನಲ್ಲಿ ಸಣ್ಣ ರಂಧ್ರ ಕೊರೆದು ಒಳಗಿನ ಲೋಹದ ಪುಡಿಯನ್ನೇ ಪರೀಕ್ಷಿಸಿದಾಗ ಲೆಕ್ಕ ಬದಲಾಯಿತು: 64ರಲ್ಲಿ ನೀರೋ ತಂದ ದಿನಾರಿಯಸ್‌ನಲ್ಲಿ ಬೆಳ್ಳಿ ಶೇ. 90ಕ್ಕೂ ಹೆಚ್ಚೆಂದು ನಂಬಲಾಗಿತ್ತು, ಒಡಲಿನಲ್ಲಿ ಇದ್ದದ್ದು ಸುಮಾರು ಶೇ. 80 ಮಾತ್ರ.