ಪದ ಪರಿಚಯ: ಕೆಎಂಪಿಎಲ್

‘ಗಾಡಿ ಎಷ್ಟು ಕೊಡುತ್ತದೆ?’ ಹೊಸ ವಾಹನ ಮನೆಗೆ ಬಂದು, ಪೂಜೆಯ ಹೂವಿನ ಹಾರ ಬಾಡುವ ಮೊದಲೇ ನೆರೆಯವರು ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ನಾವು ‘ಮೈಲೇಜ್’ ಎನ್ನುತ್ತೇವೆ. ರಸ್ತೆ ಬದಿಯ ಕಲ್ಲುಗಳ ಮೇಲೆ ಮೈಲಿ ಹೋಗಿ ಕಿಲೋಮೀಟರ್ ಬಂದು ದಶಕಗಳೇ ಕಳೆದರೂ ಮಾತಿನಲ್ಲಿ ಮೈಲಿ ಉಳಿದುಕೊಂಡಿದೆ. ಬಸ್ ಡಿಪೊಗೋ ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಗೋ ಹೋದರೆ ಇದೇ ಲೆಕ್ಕಕ್ಕೆ ಇನ್ನೊಂದು ಹೆಸರಿದೆ: ಕೆಎಂಪಿಎಲ್. ಒಂದು ಲೀಟರ್ ಇಂಧನದಲ್ಲಿ ವಾಹನ ಓಡಿದ ಕಿಲೋಮೀಟರ್ ಎಷ್ಟು ಎಂಬುದಷ್ಟೇ ಅದರ ಅರ್ಥ.

ಅಳೆಯುವುದು ಸುಲಭ. ಟ್ಯಾಂಕ್ ಪೂರ್ತಿ ತುಂಬಿಸಿ ಓಡೋಮೀಟರಿನ ಅಂಕಿ ಬರೆದಿಟ್ಟುಕೊಳ್ಳಬೇಕು. ಮುಂದಿನ ಸಲ ಮತ್ತೆ ಅಷ್ಟೇ ಮಟ್ಟಕ್ಕೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಓಡಿದ ದೂರವನ್ನು ಭಾಗಿಸಬೇಕು.

ಈ ಅಂಕಿಯನ್ನು ಅರ್ಥ ಮಾಡಿಕೊಳ್ಳುವುದು ಮಾತ್ರ ಅಷ್ಟು ಸುಲಭವಲ್ಲ. ‘ಗಾಡಿ ಕೊಡುತ್ತದೆ’ ಎಂದಾಗ ಎಲ್ಲವೂ ಗಾಡಿಯ ಗುಣ ಎನಿಸುತ್ತದೆ. ಅದೇ ಬಸ್ಸನ್ನು ಅದೇ ಮಾರ್ಗದಲ್ಲಿ ಇಬ್ಬರು ಚಾಲಕರು ಓಡಿಸಿದರೆ ಅಂಕಿ ಬೇರೆಬೇರೆಯಾಗಿ ಬರುತ್ತದೆ. ಹಾಗಾಗಿಯೇ ಕೆಎಂಪಿಎಲ್ ಎಂಬ ಪದ ಚಾಲಕರ ಹೆಸರಿಗೆ ಅಂಟಿಕೊಂಡಿದೆ.

ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನಾನು ಕಂಡಿದ್ದು ಮಂಗಳೂರಿಗೆ ಹೋಗುವ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು. ದೂರದಲ್ಲಿ ರಸ್ತೆ ಉಬ್ಬಿನ ಹಳದಿ ಫಲಕ ಕಂಡ ಕೂಡಲೇ ಚಾಲಕರ ಬಲಗಾಲು ಆಕ್ಸಿಲರೇಟರಿನಿಂದ ಮೇಲೆದ್ದಿತು. ಬ್ರೇಕಿನ ಕಡೆಗೆ ಹೋಗಲಿಲ್ಲ, ಸುಮ್ಮನೆ ಎದ್ದಿತು. ಬಸ್ಸು ತನ್ನ ಓಟದಲ್ಲೇ ತಗ್ಗುತ್ತ ಬಂದು, ಉಬ್ಬು ಮುಟ್ಟುವ ಹೊತ್ತಿಗೆ ಬ್ರೇಕನ್ನು ಹಗುರವಾಗಿ ಒತ್ತಿದರೆ ಸಾಕಾಗುವಷ್ಟು ನಿಧಾನವಾಗಿತ್ತು. ಬ್ರೇಕ್ ಒತ್ತುವುದೆಂದರೆ ಡೀಸೆಲ್ ಸುಟ್ಟು ಗಳಿಸಿದ ವೇಗವನ್ನು ಶಾಖ ಮಾಡಿ ಗಾಳಿಗೆ ಬಿಡುವುದು. ಮುಂದಿನದನ್ನು ಮೊದಲೇ ನೋಡಿ ಕಾಲೆತ್ತುವ ಚಾಲಕ ಆ ಡೀಸೆಲನ್ನು ಸುಡುವುದೇ ಇಲ್ಲ. ನಮ್ಮ ಬಸ್ಸಿನ ಚಾಲಕರ ಕಣ್ಣು ಆಗಾಗ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರಿನ ಹಸಿರು ಪಟ್ಟಿಯ ಮೇಲೂ ಹಾಯುತ್ತಿತ್ತು. ಎಂಜಿನ್ ಕಡಿಮೆ ಇಂಧನದಲ್ಲಿ ಹೆಚ್ಚು ಕೆಲಸ ಮಾಡುವ ವ್ಯಾಪ್ತಿ ಅದು. ಮುಳ್ಳು ಪಟ್ಟಿ ದಾಟುವ ಮೊದಲೇ ಗೇರ್ ಮೇಲಕ್ಕೆ ಹೋಗುತ್ತಿತ್ತು, ಗೇರ್ ಬಿದ್ದ ಮೇಲೆ ಎಡಗಾಲು ಕ್ಲಚ್ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು.

ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಅವರು ಗೇರನ್ನು ಕೆಳಗಿಳಿಸಿದರು. ಇಲ್ಲಿ ಒಂದು ತಪ್ಪು ನಂಬಿಕೆಯ ಬಗ್ಗೆ ಹೇಳಲೇಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂದು ಈಗಲೂ ಎಷ್ಟೋ ಜನ ನಂಬಿದ್ದಾರೆ. ಈಗಿನ ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್‌ಗಳಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ, ಇಂಧನ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಡೀಸೆಲ್ ಸುಡುತ್ತಲೇ ಇರಬೇಕು. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದಂತೂ ಪ್ರಾಣಕ್ಕೇ ಅಪಾಯ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ವೇಗದ ಲೆಕ್ಕವೂ ಹೀಗೆಯೇ ಕಠಿಣ. ವೇಗ ಇಮ್ಮಡಿಯಾದರೆ ಎದುರು ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಎತ್ತರದ, ಚಪ್ಪಟೆ ಮುಖದ ಲಾರಿಗೆ ಹೆದ್ದಾರಿಯಲ್ಲಿ ಈ ತಡೆಯೂ ದೊಡ್ಡ ಖರ್ಚು. ಟೈರಿನ ಗಾಳಿ ಕಡಿಮೆಯಾದರೂ ಡೀಸೆಲ್ ಹೆಚ್ಚು ಬೇಕು. ಅದನ್ನು ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಬೇಕು.

ಕೆಎಂಪಿಎಲ್ ಅಂಕಿಯಲ್ಲೇ ಒಂದು ಮರೆಮೋಸವಿದೆ. ಎರಡು ವಾಹನಗಳು ದಿನಕ್ಕೆ 400 ಕಿ.ಮೀ. ಓಡುತ್ತವೆ ಎನ್ನಿ. ಸಣ್ಣ ಸರಕು ವ್ಯಾನಿನ ಕೆಎಂಪಿಎಲ್ 12ರಿಂದ 13ಕ್ಕೆ ಏರಿದರೆ ಉಳಿಯುವುದು ಸುಮಾರು ಎರಡೂವರೆ ಲೀಟರ್. ಲಾರಿಯದು 4ರಿಂದ 5ಕ್ಕೆ ಏರಿದರೆ 100 ಲೀಟರ್ ಬೇಕಿದ್ದಲ್ಲಿ 80 ಸಾಕು, ಉಳಿತಾಯ 20 ಲೀಟರ್. ಎರಡರಲ್ಲೂ ಅಂಕಿ ಏರಿದ್ದು ಒಂದೇ! ಯುರೋಪಿನ ಹೆಚ್ಚಿನ ದೇಶಗಳಲ್ಲಿ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ತಿರುಗಿಸಿ ಎಣಿಸುತ್ತಾರೆ. ವ್ಯವಹಾರಕ್ಕೆ ವಾಹನ ಇಟ್ಟವರು ಹಾಗೆಯೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಯಾವ ವಾಹನದ ಕಡೆಗೆ ಮೊದಲು ಗಮನ ಹರಿಸಬೇಕು ಎಂಬುದು ಆಗ ತಾನಾಗಿ ಕಾಣುತ್ತದೆ.

ಪರಿಸರದ ಮಾತು ಬರುವುದೂ ಈ ಲೀಟರ್‌ಗಳಿಂದಲೇ. ಒಂದು ಲೀಟರ್ ಡೀಸೆಲ್ ತೂಗುವುದು ಸುಮಾರು 830 ಗ್ರಾಂ. ಅದು ಉರಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ 2.6 ಕಿಲೋಗೂ ಹೆಚ್ಚು. ಮೊದಲ ಸಲ ಕೇಳಿದವರು ನಂಬುವುದಿಲ್ಲ. ಡೀಸೆಲಿನ ಇಂಗಾಲದ ಒಂದೊಂದು ಪರಮಾಣುವೂ ಗಾಳಿಯಿಂದ ಎರಡೆರಡು ಆಮ್ಲಜನಕ ಪರಮಾಣುಗಳನ್ನು ಸೇರಿಸಿಕೊಳ್ಳುವುದರಿಂದ ತೂಕ ಹೀಗೆ ಬೆಳೆಯುತ್ತದೆ. ಆ ಲಾರಿ ಉಳಿಸಿದ 20 ಲೀಟರ್ ಎಂದರೆ ದಿನಕ್ಕೆ 52 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಕಡಿಮೆ.

ಇಷ್ಟು ಬೆಲೆಯುಳ್ಳ ಅಂಕಿ ಎಂದೇ ಅದನ್ನು ನ್ಯಾಯವಾಗಿ ಓದಬೇಕು. ಘಾಟಿ ಹತ್ತುವ ಚಾಲಕನನ್ನು ಬಯಲುಸೀಮೆಯ ಚಾಲಕನೊಂದಿಗೆ, ತುಂಬಿದ ಲಾರಿಯನ್ನು ಖಾಲಿ ಲಾರಿಯೊಂದಿಗೆ ಹೋಲಿಸಿ ಬೈಯುವ ಮಾಲೀಕರಿದ್ದಾರೆ. ಹೋಲಿಕೆ ಬೇಕಾದರೆ ಅದೇ ಮಾರ್ಗ, ಅದೇ ವಾಹನ, ಅದೇ ಹೊರೆ ಇರಲಿ. ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಅಂಕಣವೂ ಇರಲಿ: ಕಾದ ಸಮಯ. ನಿಂತಲ್ಲೇ ಎಂಜಿನ್ ಉರಿದಷ್ಟು ಹೊತ್ತೂ ಕೆಎಂಪಿಎಲ್ ಸೊನ್ನೆ. ಗೋದಾಮಿನ ಗೇಟ್ ಯಾವಾಗ ತೆರೆಯುತ್ತದೆ ಎಂದು ಯಾರೂ ಹೇಳದಿದ್ದರೆ ಸಾಲಿನಲ್ಲಿ ನಿಂತ ಲಾರಿಗಳು ಹತ್ತು ಅಡಿ ಮುಂದೆ ಸರಿಯಲೆಂದು ಗಂಟೆಗಟ್ಟಲೆ ಎಂಜಿನ್ ಆರಿಸದೆ ಕಾಯುತ್ತವೆ. ಸಾಲಿನ ಸಂಖ್ಯೆ ಬರೆದ ಒಂದು ಚೀಟಿಯನ್ನು ಗೇಟಿನಲ್ಲೇ ಕೊಟ್ಟರೆ ಚಾಲಕ ಕೀಲಿ ತಿರುಗಿಸಿ, ಎಂಜಿನ್ ಆರಿಸಿ, ಚಹಾ ಕುಡಿಯಲು ಹೋಗಬಹುದು.