ಬ್ಯಾಟರಿಯನ್ನು ಮೊದಲು ತೂಕಕ್ಕೆ ಹಾಕಿ

ಎಲೆಕ್ಟ್ರಿಕ್ ಸೈಕಲ್‌ಗೆ ಬ್ಯಾಟರಿ ಕೊಳ್ಳುವವರಿಗೆ ನಾನು ಹೇಳುವ ಮೊದಲ ಮಾತು ಒಂದೇ. ಅದನ್ನು ತೂಕ ಮಾಡಿ ನೋಡಿ. ಲೇಬಲ್ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು. ತಕ್ಕಡಿಯನ್ನು ಏಮಾರಿಸುವುದು ಅಷ್ಟು ಸುಲಭವಲ್ಲ.

ಲೆಕ್ಕ ಹೀಗಿದೆ. ಸೈಕಲ್ ಬ್ಯಾಟರಿಯ ಡಬ್ಬಿಯೊಳಗೆ ಇರುವುದು ಹತ್ತಾರು ಸಣ್ಣ ಸೆಲ್‌ಗಳು. ತುಂಬಾ ಬಳಕೆಯಲ್ಲಿರುವ ಸೆಲ್‌ನ ಹೆಸರು 18650. ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಅಳತೆಯಲ್ಲಿ ತುಂಬಾ ಒಳ್ಳೆಯ ಸೆಲ್ ಅಂದರೂ ಸುಮಾರು 3.5 ಆಂಪಿಯರ್-ಅವರ್ ಹಿಡಿಯುತ್ತದೆ, 48 ಗ್ರಾಂ ತೂಗುತ್ತದೆ. ಈಗ 48 ವೋಲ್ಟ್, 20 ಆಂಪಿಯರ್-ಅವರ್ ಅಂತ ಬರೆದಿರುವ ಬ್ಯಾಟರಿ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಅಷ್ಟು ವೋಲ್ಟ್‌ಗೆ 13 ಸೆಲ್‌ಗಳ ಸಾಲು ಬೇಕು. ಅಷ್ಟು ಆಂಪಿಯರ್-ಅವರ್‌ಗೆ ಅಂಥ 6 ಸಾಲು. ಒಟ್ಟು 78 ಸೆಲ್. ಸೆಲ್‌ಗಳ ತೂಕವೇ 3.7 ಕಿಲೋ ಆಯಿತು. ಡಬ್ಬಿ, ವೈರು, ಬೋರ್ಡು ಎಲ್ಲ ಬೇರೆ. ಇಡೀ ಬ್ಯಾಟರಿ 3 ಕಿಲೋ ಮಾತ್ರ ತೂಗಿದರೆ ಲೇಬಲ್ ಸುಳ್ಳು, ಅನುಮಾನವೇ ಬೇಡ. 9900 ಮಿಲಿಆಂಪಿಯರ್-ಅವರ್ ಅಂತ ಬರೆದ 18650 ಸೆಲ್‌ಗಳೂ ಮಾರಾಟಕ್ಕಿವೆ. ಅಂಥ ಸೆಲ್ ಇನ್ನೂ ಯಾರೂ ಮಾಡಿಲ್ಲ.

ತೂಕ ಸರಿ ಇದ್ದ ಮಾತ್ರಕ್ಕೆ ಬ್ಯಾಟರಿ ಒಳ್ಳೆಯದು ಅಂತ ಆಗುವುದಿಲ್ಲ. ಆದರೆ ಲೇಬಲ್‌ನಲ್ಲಿ ಸುಳ್ಳು ಬರೆದವರು ಒಳಗಿನ ಬೆಸುಗೆಯನ್ನು ನಿಯತ್ತಾಗಿ ಮಾಡಿರುತ್ತಾರೆ ಅಂತ ನಂಬೋದು ಹೇಗೆ?

ಒಳಗೆ ಏನಾಗುತ್ತದೆ ಅನ್ನೋದು ನನಗೆ ತುಂಬಾ ಇಷ್ಟದ ವಿಷಯ. 13 ಸೆಲ್ ಸಾಲಾಗಿವೆ ಅಂದೆ. ನಿಜ ಹೇಳಬೇಕೆಂದರೆ ಆರಾರು ಸೆಲ್ ಸೇರಿದ 13 ಗುಂಪುಗಳು ಸಾಲಾಗಿವೆ. ಒಂದೊಂದು ಗುಂಪೂ 4.2 ವೋಲ್ಟ್‌ವರೆಗೆ ತುಂಬಬಹುದು, ಅದಕ್ಕಿಂತ ಜಾಸ್ತಿ ಕೂಡದು. ಹದಿಮೂರೂ ತುಂಬಿದರೆ 54.6 ವೋಲ್ಟ್. ಲೇಬಲ್ ಮೇಲಿನ 48 ಸರಾಸರಿ ಲೆಕ್ಕ. ಚಾರ್ಜರ್‌ಗೆ ಗೊತ್ತಿರುವುದು ಈ ಒಟ್ಟು ಮೊತ್ತ ಮಾತ್ರ. ಈಗ 12 ಗುಂಪು 4.18ರಲ್ಲಿ ನಿಂತಿವೆ, ಬಳಲಿದ ಒಂದು ಗುಂಪು 4.4ಕ್ಕೆ ಏರಿದೆ ಅಂದುಕೊಳ್ಳಿ. ಕೂಡಿ ನೋಡಿ. ಹೆಚ್ಚುಕಡಿಮೆ ಅದೇ 54.6! ಚಾರ್ಜರ್ ಹಸಿರು ದೀಪ ತೋರಿಸುತ್ತದೆ. ಒಳಗೆ ಒಂದು ಗುಂಪು ಅಪಾಯದ ಗೆರೆ ದಾಟಿ ಕೂತಿದೆ.

ಒಂದೇ ಹಗ್ಗ ಹಿಡಿದು ಬೆಟ್ಟ ಹತ್ತುವ ಹದಿಮೂರು ಜನರ ಹಾಗೆ ಇದು. ಸುಸ್ತಾದ ಒಬ್ಬನನ್ನು ಮಿಕ್ಕವರು ಎಳೆದುಕೊಂಡೇ ಹೋಗುತ್ತಾರೆ, ಅವನು ಕುಸಿಯುವವರೆಗೂ. ಪ್ರತಿಯೊಬ್ಬರ ಮೇಲೂ ಬೇರೆ ಬೇರೆಯಾಗಿ ಕಣ್ಣಿಡುವುದಕ್ಕೆ ಒಂದು ಬೋರ್ಡ್ ಬೇಕು. ಅದೇ ಬಿಎಂಎಸ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಒಂದು ಗುಂಪು ಮಿತಿ ಮೀರಿದರೂ ಅದು ಚಾರ್ಜಿಂಗ್ ನಿಲ್ಲಿಸುತ್ತದೆ, ಒಂದು ಗುಂಪು ತೀರಾ ಇಳಿದರೂ ಮೋಟಾರಿಗೆ ಕರೆಂಟ್ ಕಡಿತ ಮಾಡುತ್ತದೆ. ಒಳ್ಳೆಯ ಬೋರ್ಡ್‌ಗಳು ಗುಂಪುಗಳನ್ನು ನಿಧಾನಕ್ಕೆ ಒಂದೇ ಮಟ್ಟಕ್ಕೂ ತರುತ್ತವೆ.

ಆದರೆ ಬಿಎಂಎಸ್ ಇದ್ದರೆ ಸಾಕು ಅನ್ನುವ ನಂಬಿಕೆ ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಅದಕ್ಕೆ ಕಾಣುವುದು ಗುಂಪಿನ ವೋಲ್ಟೇಜ್. ಗುಂಪಿನೊಳಗೆ ಆರರಲ್ಲಿ ಒಂದು ಸೆಲ್ ಹಾಳಾಗುತ್ತಿದ್ದರೆ ಉಳಿದ ಐದು ಅದನ್ನು ಮರೆಮಾಡುತ್ತವೆ. ಅದಕ್ಕೇ ಹಳೆ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಸೆಲ್‌ಗಳನ್ನು ಕೂಡಿಸಿ ಮಾಡಿದ ಅಗ್ಗದ ಬ್ಯಾಟರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದೇ ಕಂಪನಿಯ, ಒಂದೇ ಮಾದರಿಯ ಹೊಸ ಸೆಲ್‌ಗಳೇ ಇರಬೇಕು. ಯಾವ ಸೆಲ್ ಹಾಕಿದ್ದೀರಿ ಅಂತ ಕೇಳಿದರೆ ಮಾರುವವರು ಮಾದರಿಯ ಹೆಸರನ್ನೇ ಹೇಳಬೇಕು. ‘ಹೈ ಕ್ವಾಲಿಟಿ ಸೆಲ್’ ಅನ್ನೋದು ಉತ್ತರವಲ್ಲ.

ಮಿತಿ ಮೀರಿದರೆ ಆಗುವುದೇನು? ಇದಕ್ಕೆ ಸ್ವಲ್ಪ ಇತಿಹಾಸ ಬೇಕು. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮಾಡಿದ ಬ್ಯಾಟರಿಯಲ್ಲಿ ಒಂದು ಕಡೆ ಲೋಹದ ರೂಪದ ಲಿಥಿಯಂ ಇತ್ತು. ಚಾರ್ಜ್ ಮಾಡಿದಂತೆಲ್ಲ ಅದರ ಮೇಲೆ ಸೂಜಿಯಂಥ ಎಳೆಗಳು ಬೆಳೆದು ಆಚೆ ಬದಿಗೆ ತಾಗುತ್ತಿದ್ದವು. ಶಾರ್ಟ್, ಆಮೇಲೆ ಬೆಂಕಿ. 1980ರಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡ್ ಬಳಸಿ ವೋಲ್ಟೇಜ್ ಏರಿಸಿದರು. 1985ರಲ್ಲಿ ಅಕಿರಾ ಯೋಶಿನೋ ಲಿಥಿಯಂ ಲೋಹವನ್ನೇ ತೆಗೆದು ಆ ಜಾಗಕ್ಕೆ ಇಂಗಾಲ ತಂದರು. ಇಂಗಾಲದ ಪದರಗಳ ನಡುವೆ ಲಿಥಿಯಂ ಅಯಾನುಗಳು ಸುಮ್ನೆ ಹೋಗಿ ಕೂರುತ್ತವೆ, ಲೋಹವಾಗುವುದಿಲ್ಲ. 1991ರಲ್ಲಿ ಸೋನಿ ಇದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಬಂತು.

ಅತಿಯಾಗಿ ಚಾರ್ಜ್ ಮಾಡಿದರೆ ನಾವು ಯೋಶಿನೋ ಮಾಡಿದ್ದನ್ನು ಕೆಡಿಸಿದಂತೆ. ಇಂಗಾಲದಲ್ಲಿ ಜಾಗ ಸಾಲದೆ ಲಿಥಿಯಂ ಮತ್ತೆ ಲೋಹವಾಗಿ ಮೇಲೆ ಕೂರುತ್ತದೆ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೂ ಅಷ್ಟೇ. ಒಳಗೆಲ್ಲೋ ಶಾರ್ಟ್ ಆಗಿ ಸುಮಾರು 130 ಡಿಗ್ರಿ ಮುಟ್ಟಿದರೆ ಎರಡೂ ಬದಿಯನ್ನು ಬೇರೆ ಇಟ್ಟ ಪಾಲಿಥೀನ್ ಪರದೆ ಕರಗುತ್ತದೆ. ಇನ್ನೂ ಬಿಸಿಯಾದರೆ ಆಕ್ಸೈಡ್ ತನ್ನೊಳಗಿನ ಆಮ್ಲಜನಕವನ್ನು ಬಿಡುತ್ತದೆ. ಬೆಂಕಿಗೆ ಬೇಕಾದ ಗಾಳಿ ಒಳಗಿನಿಂದಲೇ ಸಿಕ್ಕಿಬಿಡುತ್ತದೆ, ಅಲ್ವಾ? ಆ ಸೆಲ್‌ನ ಬಿಸಿಗೆ ಪಕ್ಕದ್ದೂ ಹೊತ್ತಿಕೊಳ್ಳುತ್ತದೆ.

ಗುಡ್‌ಇನಫ್ ತಂಡವೇ 1997ರಲ್ಲಿ ಪ್ರಕಟಿಸಿದ, ಆ ಆಕ್ಸೈಡ್ ಬದಲು ಬಳಸುವ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ, ಇಲ್ಲಿ ಮೇಲು. ಅದರಲ್ಲಿ ರಂಜಕ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಬಿಸಿಗೆ ಬೇಗ ಬಿಡುವುದಿಲ್ಲ. ಬಾಳಿಕೆಯೂ ಜಾಸ್ತಿ. ಭಾರ ಮಾತ್ರ ಹೆಚ್ಚು, ಜಾಗವೂ ಬೇಕು. ಮನೆಯೊಳಗೇ ಚಾರ್ಜ್ ಮಾಡಬೇಕಾದವರು ಒಂದೆರಡು ಕಿಲೋ ಹೆಚ್ಚಾದರೂ ಎಲ್‌ಎಫ್‌ಪಿ ಕೊಳ್ಳಲಿ ಅಂತ ನನ್ನ ಅಭಿಪ್ರಾಯ. ಅದರ ವೋಲ್ಟೇಜ್ ಬೇರೆ, ಹಾಗಾಗಿ ಚಾರ್ಜರೂ ಬೇರೆ. ಪ್ಲಗ್ ಹೊಂದಿತು ಅಂತ ಒಂದರ ಚಾರ್ಜರ್ ಇನ್ನೊಂದಕ್ಕೆ ಹಾಕಬೇಡಿ.

ಪ್ರಮಾಣಪತ್ರ ನೋಡುವಾಗ ಯುಎಲ್ 2271 ಅಥವಾ ಇಎನ್ 50604-1 ಅನ್ನುವ ಸುರಕ್ಷತಾ ಮಾನದಂಡದ ಹೆಸರು ಹುಡುಕಿ. ಅದು ಇಡೀ ಬ್ಯಾಟರಿಗೆ ಸಿಕ್ಕಿರಬೇಕು, ಬರೀ ಚಾರ್ಜರ್‌ಗೆ ಸಿಕ್ಕರೆ ಸಾಲದು. ಯುಎನ್ 38.3 ಇದ್ದರೆ ಒಳ್ಳೆಯದೇ, ಆದರೆ ಅದು ಸಾಗಣೆಯ ಪರೀಕ್ಷೆ.

ಮೊದಲ ಸಲ ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅನ್ನುವ ಮಾತು ನಿಕಲ್-ಕ್ಯಾಡ್ಮಿಯಂ ಕಾಲದ್ದು. ಲಿಥಿಯಂಗೆ ಅದು ಕೆಟ್ಟದ್ದೇ. ತಿಂಗಳುಗಟ್ಟಲೆ ಖಾಲಿ ಬಿಟ್ಟರೆ ಇನ್ನೂ ಕೆಟ್ಟದ್ದು. ವೋಲ್ಟೇಜ್ ತೀರಾ ಇಳಿದಾಗ ಸೆಲ್‌ನೊಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಇರಬಾರದ ಕಡೆ ಕೂತು ಒಳಗೇ ಶಾರ್ಟ್ ಮಾಡಬಹುದು. ಹಾಗಾಗಿ ಸೈಕಲ್ ಮೂಲೆಗಿಡುವಾಗ ಅರ್ಧ ಚಾರ್ಜ್ ಇರಲಿ, ಆಗಾಗ ನೋಡುತ್ತಿರಿ. ಸತ್ತುಬಿದ್ದ ಬ್ಯಾಟರಿಗೆ ಬಿಎಂಎಸ್ ತಪ್ಪಿಸಿ ನೇರ ಕರೆಂಟ್ ಕೊಟ್ಟು ಎಬ್ಬಿಸುತ್ತೇವೆ ಅನ್ನುವವರ ಕೈಗೆ ಅದನ್ನು ಕೊಡಬೇಡಿ. ಅದು ಹೋಗಬೇಕಾದ್ದು ಮರುಬಳಕೆಯವರ ಹತ್ತಿರ.