ಜ್ವರ ಬಂದರೆ ಸೀದಾ ಬೆಂಗಳೂರಿಗೆ ಹೊರಡಬೇಡಿ

ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ (ರಕ್ತ ತಯಾರಿಸುವ ಮೂಲಕಣಗಳ ಕಸಿ) ಮುಗಿಸಿ ಮನೆಗೆ ಬಂದವರು ಕೆಲವೇ ವಾರಗಳಲ್ಲಿ ಮತ್ತೆ ಅಡ್ಮಿಟ್ ಆಗುವುದು ನಮಗೆ ಹೊಸತಲ್ಲ. ಮನೆಯವರಿಗೆ ಮಾತ್ರ ಕೈಕಾಲೇ ಆಡುವುದಿಲ್ಲ. 'ಎಲ್ಲ ಸರಿಯಾಯ್ತು ಅಂದಿದ್ರಲ್ಲ ಡಾಕ್ಟ್ರೇ, ಫೇಲ್ ಆಯ್ತಾ?' ಅಂತ ಕೇಳುತ್ತಾರೆ. ಬಹಳ ಸಲ ಹಾಗೇನೂ ಆಗಿರುವುದಿಲ್ಲ.

ತೀರ್ಥಹಳ್ಳಿ ಕಡೆಯ ಒಬ್ಬರು ಅಣ್ಣನಿಂದ ಸ್ಟೆಮ್ ಸೆಲ್ ಪಡೆದಿದ್ದರು. ಎದೆಯಲ್ಲಿ ಲೈನ್ ಇನ್ನೂ ಇತ್ತು. ಲೈನ್ ಅಂದರೆ ದೊಡ್ಡ ರಕ್ತನಾಳದೊಳಗೆ ಇಳಿಸಿದ ಸಣ್ಣ ಕೊಳವೆ, ಔಷಧಿ ಕೊಡುವುದಕ್ಕೆ. ಅದಕ್ಕೆ ಸಲೈನ್ ಹಾಕಿ ಫ್ಲಶ್ ಮಾಡಿ ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಅನ್ನುವ ಚಳಿ, ಎರಡು ಕಂಬಳಿ ಹೊದಿಸಿದರೂ ನಿಲ್ಲದ ನಡುಕ. ಮನೆಯವರು ಒಂದು ಡೋಲೋ ಕೊಟ್ಟರು, ಜ್ವರ ಇಳಿಯಿತು, ಮಲಗಿದರು. ಮರುದಿನ ಮತ್ತೆ ಅದೇ ಕತೆ. ಆಗ ಕಾರು ಮಾಡಿಕೊಂಡು ಟ್ರಾನ್ಸ್‌ಪ್ಲಾಂಟ್ ಆದ ಬೆಂಗಳೂರಿಗೇ ಹೊರಟವರು ದಾರಿಯಲ್ಲಿ ಫೋನ್ ಮಾಡಿದರು. ಶಿವಮೊಗ್ಗದಲ್ಲೇ ಇಳಿಯಿರಿ ಅಂದೆ.

ಕಾರಣ ಇಷ್ಟೇ. ಇಂಥವರಿಗೆ 100.4 ಡಿಗ್ರಿ ಮುಟ್ಟಿದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಬೆಂಗಳೂರು ಇಲ್ಲಿಂದ ಸುಮಾರು 300 ಕಿಲೋಮೀಟರ್, ಐದಾರು ಗಂಟೆಯ ದಾರಿ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅಷ್ಟರಲ್ಲಿ ಬಿಪಿ ಕುಸಿದಿರಬಹುದು. ಮೊದಲ ಡೋಸ್ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ, ಅಲ್ಲಿಂದಲೇ ಟ್ರಾನ್ಸ್‌ಪ್ಲಾಂಟ್ ತಂಡಕ್ಕೆ ಫೋನ್, ಪ್ರಯಾಣ ಆಮೇಲೆ.

ಆ್ಯಂಟಿಬಯಾಟಿಕ್‌ಗೆ ಮೊದಲು ಬ್ಲಡ್ ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಯುತ್ತದೆಯೇ ನೋಡುವುದಕ್ಕೆ, ರಕ್ತ ತೆಗೆಯುತ್ತೇವೆ, ಲೈನ್‌ನಿಂದ ಒಂದು, ಕೈಯಿಂದ ಒಂದು. ಎರಡರಲ್ಲೂ ಒಂದೇ ಕ್ರಿಮಿ ಬೆಳೆದು, ಲೈನ್‌ನ ಬಾಟಲಿ ಕೈಯದಕ್ಕಿಂತ ಎರಡು ಗಂಟೆ ಅಥವಾ ಇನ್ನೂ ಮೊದಲೇ ಪಾಸಿಟಿವ್ ಬಂದರೆ ಕಳ್ಳ ಲೈನ್‌ನಲ್ಲೇ ಕೂತಿದ್ದಾನೆ ಅಂತ ಲೆಕ್ಕ. ಇವರದ್ದು ಹಾಗೇ ಆಯಿತು. ಫ್ಲಶ್ ಮಾಡಿದ ಬೆನ್ನಲ್ಲೇ ನಡುಕ ಅಂದಾಗಲೇ ಅನುಮಾನ ಇತ್ತು. ಲೈನ್ ತೆಗೆದೆವು, ಅಣ್ಣನ ಕಣಗಳಿಗೆ ಏನೂ ಆಗಿರಲಿಲ್ಲ.

'ಕೌಂಟ್ ಸರಿ ಬಂದಿದೆಯಲ್ಲ' ಅನ್ನುತ್ತಾರೆ. ಬ್ಯಾಕ್ಟೀರಿಯಾ ಎದುರಿಸುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಕೆಲವು ವಾರಗಳಲ್ಲಿ ಬರುತ್ತದೆ ನಿಜ, ಆದರೆ ವೈರಸ್, ಫಂಗಸ್‌ಗಳನ್ನು ಗುರುತು ಹಿಡಿಯುವ ಲಿಂಫೋಸೈಟ್‌ಗಳು ಪಳಗುವುದಕ್ಕೆ ವರ್ಷವೋ ಇನ್ನೂ ಜಾಸ್ತಿಯೋ ಬೇಕು, ಅದಕ್ಕೇ ಚಿಕ್ಕಂದಿನ ಲಸಿಕೆಗಳನ್ನೂ ಮತ್ತೆ ಹಾಕಿಸುವುದು. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರವೇ ಕಾಣದೆ ಇರಬಹುದು. ಬರೀ ಸುಸ್ತು, ತಲೆ ತಿರುಗು ಇದ್ದರೂ ಫೋನ್ ಮಾಡಿ. ಭೇದಿ, ಮೈಮೇಲೆ ಕೆಂಪು ದದ್ದು, ಹಳದಿ ಕಣ್ಣು ಕಂಡರೂ ಅಷ್ಟೇ, ದಾನಿಯ ಕಣಗಳು ನಿಮ್ಮ ದೇಹದ ಮೇಲೆ ತಿರುಗಿ ಬಿದ್ದಿರಬಹುದು.

ಇನ್ನು ನಮ್ಮ ಮಲೆನಾಡಿನ ತಕರಾರುಗಳು. ಅಡಿಕೆ ಸುಲಿಯುವ ಚಪ್ಪರ, ದರಕು ರಾಶಿ, ಕೊಟ್ಟಿಗೆ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಗೋಡೆ, ಇಲ್ಲೆಲ್ಲ ಗಾಳಿಯಲ್ಲೇ ಫಂಗಸ್ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ತುಂಬಾ ಕಷ್ಟ. ಸುಮ್ನೆ ನೋಡ್ಕೊಂಡು ಬರ್ತೀನಿ ಅಂತ ಕೂಡ ಹೋಗಬೇಡಿ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗದಲ್ಲೂ ಜ್ವರದ ಜೊತೆ ಪ್ಲೇಟ್‌ಲೆಟ್, ಬಿಳಿ ರಕ್ತಕಣ ಎರಡೂ ಇಳಿಯುತ್ತವೆ. ದೂರದ ವೈದ್ಯರಿಗೆ ಅದು ಕಸಿ ಸೋತಂತೆ ಕಾಣಬಹುದು. ಉಣುಗು ಕಚ್ಚಿದ್ದರೆ, ಊರಲ್ಲಿ ಮಂಗ ಸತ್ತಿದ್ದರೆ ನೀವಾಗಿಯೇ ಹೇಳಿ.

ಶಕ್ತಿ ಬರಲಿ ಅಂತ ಅಮೃತಬಳ್ಳಿ ಕಷಾಯ ಕುಡಿಸುವುದು ಪ್ರೀತಿಯಿಂದಲೇ, ಗೊತ್ತು. ಆದರೆ ಅದರಿಂದ ಲಿವರ್ ಕೆಟ್ಟ ಕೇಸುಗಳು ವರದಿಯಾಗಿವೆ. ಅದೂ ಅಲ್ಲದೆ, ನಾವು ಇಮ್ಯುನಿಟಿ ತಗ್ಗಿಸಲು ಮಾತ್ರೆ ಕೊಡುತ್ತಿರುವಾಗ ಅದನ್ನು ಕೆರಳಿಸುವುದು ಯಾಕೆ, ಅಲ್ವಾ? ಹಿತ್ತಲ ಚಕ್ಕೋತವೂ ಬೇಡ, ಅಂಥದೇ ಮಾತ್ರೆಯಾದ ಟ್ಯಾಕ್ರೊಲಿಮಸ್ ಮಟ್ಟ ಏರಿಸುತ್ತದೆ.

ಕೊನೆಗೆ ರಕ್ತದ ವಿಷಯ. ಕ್ಯಾಶುವಾಲ್ಟಿಯಲ್ಲಿ ಗಾಬರಿಯಲ್ಲಿ ಹಳೆಯ ಬ್ಲಡ್ ಗ್ರೂಪ್ ಹೇಳಿಬಿಡುತ್ತೀರಿ. ದಾನಿಯ ಗುಂಪು ಬೇರೆಯಾಗಿದ್ದರೆ ನಿಮ್ಮದು ಅದಕ್ಕೆ ಬದಲಾಗುತ್ತಿರುತ್ತದೆ. ಕೊಡುವ ರಕ್ತ, ಪ್ಲೇಟ್‌ಲೆಟ್ ಎರಡೂ ಇರ‍್ರೇಡಿಯೇಟ್ ಮಾಡಿದ್ದೇ (ವಿಕಿರಣ ಹಾಯಿಸಿದ್ದೇ) ಆಗಬೇಕು, ಬರೀ ಫಿಲ್ಟರ್ ಮಾಡಿದ್ದು ಸಾಲದು. ಇವೆರಡನ್ನೂ ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟದ ಮೇಲೇ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ.